ಹಾವು ಕಚ್ಚಿದವರನ್ನೆಲ್ಲ ಹುಬ್ಬಳ್ಳಿ ಕಿಮ್ಸ್‌ಗೇ ಯಾಕೆ ಸಾಗಿಸಬೇಕು?

ಘಟ್ಟದ_ಕೆಳಗೆ: 1957ರಲ್ಲಿ ಶುರುವಾದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕಿಮ್ಸ್ (ಈಗ ಕೆಎಂಸಿಆರ್‌ಐ, ಜನರ ಬಾಯಲ್ಲಿ ಇನ್ನೂ ಕಿಮ್ಸೇ) ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡಕ್ಕೆಲ್ಲ ಕೊನೆಯ ಬಾಗಿಲು. ಅದನ್ನೇ ಮೊದಲ ಬಾಗಿಲು ಮಾಡಿಕೊಂಡರೆ ಹೇಗೆ? ಹಾವಿನ ಕೇಸನ್ನೇ ನೋಡಿ. ವಿಷ ಏರಿದ ಲಕ್ಷಣ ಕಂಡರೆ 10 ವಯಲ್ (ಸಣ್ಣ ಸೀಸೆ) ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸೋ ಮದ್ದು, ಸಲೈನ್‌ಗೆ ಬೆರೆಸಿ ಒಂದು ಗಂಟೆಯೊಳಗೆ ಹೋಗಬೇಕು. ಮಕ್ಕಳಿಗೂ ಅಷ್ಟೇ, ವಿಷ ವಯಸ್ಸು ನೋಡಿ ಇಳಿಯಲ್ಲ. ಇದು ತಾಲ್ಲೂಕು ಆಸ್ಪತ್ರೆಯ ಕೆಲಸ. ವೆಂಟಿಲೇಟರ್, ಡಯಾಲಿಸಿಸ್ ಬೇಕಾದವರು ಹುಬ್ಬಳ್ಳಿಗೆ ಹೋಗಲಿ.

ಡ್ಯೂಟಿ_ರೂಮ್: "ತಾಲ್ಲೂಕು ಆಸ್ಪತ್ರೆಯ ಕೆಲಸ" ಅಂತ ಬರೆಯೋದು ಸಲೀಸು. ಎಎಸ್‌ವಿ ಹನಿ ಶುರುವಾಗಿ ಹತ್ತು ನಿಮಿಷಕ್ಕೆ ಅಲರ್ಜಿಯಾಗಿ ಮೈತುಂಬ ದದ್ದು, ಬಿಪಿ ಪಾತಾಳಕ್ಕೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಡಾಕ್ಟರು, ಅರಿವಳಿಕೆಯವರು ಇಲ್ಲ. ರೋಗಿ ಹೋದರೆ ಕಿಟಕಿ ಗಾಜು ಒಡೆಯೋಕೆ ಬರೋರು ಯಾರು?

ಘಟ್ಟದ_ಕೆಳಗೆ: ದದ್ದು ಬಂದರೆ ಹನಿ ನಿಲ್ಲಿಸಿ, ದೊಡ್ಡವರಿಗೆ ಅಡ್ರಿನಲಿನ್ 0.5 ಮಿ.ಗ್ರಾಂ ತೊಡೆಗೆ ಕೊಡಿ. ಸಿರಿಂಜಿಗೆ ಎಳೆದಿಟ್ಟುಕೊಂಡೇ ಎಎಸ್‌ವಿ ಹಚ್ಚೋದು. ಅದಕ್ಕೆ ಅರಿವಳಿಕೆ ತಜ್ಞರು ಬೇಡ. ಮಂಡಲದ ವಿಷವೋ ಅಲ್ಲವೋ ಅಂತ ಅನುಮಾನವಿದ್ದರೆ 20 ನಿಮಿಷದ ರಕ್ತ ಪರೀಕ್ಷೆ ಇದೆ (ಆ ವಿಷ ಏರಿದರೆ ರಕ್ತ ಹೆಪ್ಪುಗಟ್ಟಲ್ಲ), ಒಂದು ಟ್ಯೂಬ್ ಸಾಕು.

ಲ್ಯಾಬ್_ಮಾವ: "ಒಂದು ಟ್ಯೂಬ್ ಸಾಕು"? ಯಾವ ಟ್ಯೂಬ್ರೀ? ಪ್ಲಾಸ್ಟಿಕ್‌ನಾಗ ಹಾಕಿದರ ಛಲೋ ರಕ್ತಾನೂ ಹೊತ್ತಿಗೆ ಹೆಪ್ಪುಗಟ್ಟೂದಿಲ್ಲ. ಗಾಜಿಂದೇ ಬೇಕು, ಹೊಸಾದು, ಒಣಗಿದ್ದು. ಸೋಪಿನಪುಡಿ ಹಾಕಿ ತೊಳೆದದ್ದೂ ನಡೆಯೂದಿಲ್ಲ. 2 ಎಂ.ಎಲ್. ರಕ್ತ ಹಾಕಿ 20 ನಿಮಿಷ ಮುಟ್ಟದ ಇಟ್ಟು, ಒಂದೇ ಸಲ ಬಗ್ಗಿಸಿ ನೋಡಬೇಕು. ನಡುನಡುವ ಅಲ್ಲಾಡಿಸಿ ನೋಡಿದರ ಕೆಟ್ಟಂಗ.

ಡ್ಯೂಟಿ_ರೂಮ್: ಕೇಳಿದಿರಾ? ಟ್ಯೂಬೇ ಸರಿ ಇಲ್ಲದ ಕಡೆ ಚಿಕಿತ್ಸೆ ಕೊಡಿ ಅಂತಿದ್ದಾರೆ.

ಲ್ಯಾಬ್_ಮಾವ: ನಾ ಹಂಗಂದಿಲ್ಲ. ಗಾಜಿನ ಟ್ಯೂಬ್ ಏನ್ ಎಂಆರ್‌ಐ ಮಷೀನ್ ಏನ್ರೀ? ಇಂಡೆಂಟಿನಾಗ (ಸಾಮಾನು ಬೇಕಂತ ಕಳಸೂ ಪಟ್ಟಿಯೊಳಗ) ಬರದರ ಬರ್ತದ.

ಡ್ಯೂಟಿ_ರೂಮ್: "ಬರದರ ಬರ್ತದ"! ಇಂಡೆಂಟ್ ಹಾಕಿದವರಿಗೆ ಗೊತ್ತು ಅದು ಯಾವ ಮಾರ್ಚಿಗೆ ಬರುತ್ತೆ ಅಂತ.

ಮಲೆನಾಡ_ಮಳೆ: ಟ್ಯೂಬ್ ಜಗಳ ಸಾಕು ಮಾರಾಯ್ರೆ. ಕಟ್ಟುಹಾವು ಕಚ್ಚಿದರೆ ರಕ್ತ ನೆಟ್ಟಗೇ ಹೆಪ್ಪುಗಟ್ಟುತ್ತೆ. ಗಾಯ ಕಾಣಲ್ಲ, ನೋವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳುತ್ತೆ. ಗಾಜಿನ ಟ್ಯೂಬ್ ನೋಡ್ತಾ ಕೂತರೆ ಉಸಿರೇ ನಿಲ್ಲುತ್ತೆ.

ಲ್ಯಾಬ್_ಮಾವ: ಕಟ್ಟುಹಾವಿಗೆ ಟ್ಯೂಬ್ ನೋಡ್ರಿ ಅಂತ ಯಾರಂದ್ರು? ಕೊಳಕುಮಂಡಲಕ್ಕ ಅಂದದ್ದು.

ಡ್ಯೂಟಿ_ರೂಮ್: "ಉಸಿರೇ ನಿಲ್ಲುತ್ತೆ". ಅದಕ್ಕೇ ಅಲ್ವಾ ಹುಬ್ಬಳ್ಳಿ?

ಘಟ್ಟದ_ಕೆಳಗೆ: ಕಾರವಾರದಿಂದ ಹುಬ್ಬಳ್ಳಿಗೆ 150 ಕಿ.ಮೀ. ದಾಟುತ್ತೆ, ನಡುವೆ ಅರಬೈಲ್ ಘಟ್ಟ. ಅಷ್ಟುದ್ದ ಕೈಯಲ್ಲೇ ಉಸಿರು ತುಂಬೋ ಅಂಬು ಬ್ಯಾಗ್ ಒತ್ತುತ್ತಾ ಕೂರೋರು ಯಾರು? ಕಾರವಾರದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ.

ಪೇಟೆ_ಬೀದಿ: "ಕಾರವಾರದಲ್ಲೇ" ಇದ್ದರೆ ಗೋವಾದ ಬಾಂಬೋಳಿ ಸರ್ಕಾರಿ ಆಸ್ಪತ್ರೆಗೆ ಯಾಕೆ ಓಡ್ತೀರಿ? 2018ರಿಂದ ಅಲ್ಲಿ ಹೊರರಾಜ್ಯದವರಿಗೆ ಫೀಸು. ಫೀಸು ಬಂದಮೇಲೆ ಹುಬ್ಬಳ್ಳಿ ನೆನಪಾಯ್ತಾ?

ಘಟ್ಟದ_ಕೆಳಗೆ: ಹಾವಿಗೂ ಬಾಂಬೋಳಿಗೂ ಏನ್ರೀ ಸಂಬಂಧ? ತಲೆ ನೆಟ್ಟಗಿದೆಯಾ?

ಕ್ಯಾಶುವಾಲ್ಟಿ_ಗೇಟು: ರೆಫರ್ ಮಾಡೋರು ಮಾಡಲಿ, ಚೀಟಿಯಲ್ಲಿ ಏನಿರಬೇಕು ಅಂತ ಯಾರಾದರೂ ಮಾತಾಡಿದಿರಾ? ಕಚ್ಚಿದ ಹೊತ್ತು, ಕೊಟ್ಟ ವಯಲ್ ಎಷ್ಟು, ಕೊಟ್ಟದ್ದು ಎಷ್ಟು ಗಂಟೆಗೆ, ರಕ್ತ ಹೆಪ್ಪುಗಟ್ಟಿತೋ ಇಲ್ಲವೋ. ಮಂಡಲದ ಕೇಸಿನಲ್ಲಿ 6 ಗಂಟೆ ಬಿಟ್ಟು ಮತ್ತೆ ಪರೀಕ್ಷೆ ಮಾಡಿ ಎರಡನೇ ಡೋಸ್ ತೀರ್ಮಾನಿಸೋದು. "ಎಎಸ್‌ವಿ ಕೊಡಲಾಗಿದೆ" ಅಂತಷ್ಟೇ ಬರೆದು ಕಳಿಸಿದರೆ ದೊಡ್ಡಾಸ್ಪತ್ರೆಯಲ್ಲಿ ಮೊದಲಿಂದ ಲೆಕ್ಕ. 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಸರ್ಕಾರವೇ ಅಧಿಸೂಚನೆ ಹೊರಡಿಸಿದೆ. ವರದಿಗಾದರೂ ಇಷ್ಟು ಬರೆದುಕೊಳ್ಳಬೇಕಲ್ಲ.

ಮಲೆನಾಡ_ಮಳೆ: "10 ವಯಲ್" ಅಂದವರಿಗೆ ಒಂದು ಮಾತು. ನಮ್ಮ ಎಎಸ್‌ವಿ ಇರೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಘಟ್ಟದ ತೋಟದಲ್ಲಿ ಸಿಗೋ ಮೂಗುಬ್ಬಿದ ಗುಳಿಮಂಡಲಕ್ಕೆ ಅದು ತಾಗಲ್ಲ, ಮೂತ್ರಪಿಂಡ ಕೈಕೊಟ್ಟರೆ ಡಯಾಲಿಸಿಸ್ಸೇ ಗತಿ.

ಡ್ಯೂಟಿ_ರೂಮ್: ಮೊದಲ ಡೋಸ್ ಅಲ್ಲೇ ಕೊಟ್ಟು, ಚೀಟಿ ಸರಿಯಾಗಿ ಬರೆದು ಕಳಿಸಿ ಅಂತ ನಾನು ಮೊದಲಿಂದ ಹೇಳ್ತಿರೋದು.

ಘಟ್ಟದ_ಕೆಳಗೆ: ಎಲ್ಲಿ ಹೇಳಿದಿರಿ? ಮೇಲೆ ಹೋಗಿ ಓದಿ ನೋಡಿ.

ಲ್ಯಾಬ್_ಮಾವ: ಚೀಟಿಯೊಳಗ ಟ್ಯೂಬ್ ಗಾಜಿಂದೋ ಪ್ಲಾಸ್ಟಿಕ್ಕೋ ಅಂತಾನೂ ಬರೀರಿ.