ಆರರ ಎಣಿಕೆಯಲ್ಲಿ ‘24’ನ್ನು ಬಾಯಲ್ಲಿ ಓದುವುದು ಹೇಗೆ? ‘ದಶಕ’ಕ್ಕೆ ಬದಲು ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹತ್ತರ ಬದಲು ಆರರ ಗುಂಪು ಮಾಡಿ ಎಣಿಸುವವರು 24 ಎಂದು ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವುದು ಹೇಗೆ? ಅಂಥ ಎಣಿಕೆಯಲ್ಲಿ ಕೂಡುವಾಗ ಬಿಡಿಸ್ಥಾನ ತುಂಬಿ ಎಡಕ್ಕೆ ಹೋಗುವ ಒಂದನ್ನು ‘ದಶಕ’ ಎನ್ನಬಹುದೇ? ಎನ್ನಬಾರದು ಎಂದಾದರೆ ಕನ್ನಡದಲ್ಲಿ ಬಳಕೆಯಲ್ಲಿದ್ದ ಬೇರೆ ಮಾತು ಯಾವುದು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ವಾಚನಾಲಯವೊಂದರಲ್ಲಿ ರಜೆಯಲ್ಲಿ ಮಕ್ಕಳಿಗೆ ಲೆಕ್ಕದ ಒಗಟುಗಳನ್ನು ಹೇಳುತ್ತೇವೆ. ಕಪ್ಪುಹಲಗೆ ಇಲ್ಲ, ಎಲ್ಲವೂ ಬಾಯಿಮಾತು. ಮಕ್ಕಳ ಮನೆಮಾತು ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಹಲವು. ಒಟ್ಟಿಗೆ ಕುಳಿತಾಗ ಕನ್ನಡ. ನಾನು ಹೊಸೆದ ಒಗಟು ಇದು:

ಒಂದು ಊರಿನ ಲೆಕ್ಕದ ಪುಸ್ತಕದಲ್ಲಿ ಹೀಗೆ ಬರೆದಿದೆ: ಅಣ್ಣ ಕೊಯ್ದ ವೀಳ್ಯದೆಲೆ 24, ತಮ್ಮ ಕೊಯ್ದದ್ದು 32, ಒಟ್ಟು 100. ಬರೆದವನ ಕೈ ತಪ್ಪಿಲ್ಲ, ಎಲೆಯನ್ನು ಯಾರೂ ಕದ್ದಿಲ್ಲ, ಹೊರಗಿನಿಂದ ತಂದು ಸೇರಿಸಿಯೂ ಇಲ್ಲ. ಹಾಗಾದರೆ ಆ ಊರಿನವರು ಎಷ್ಟೆಷ್ಟರ ಗುಂಪು ಮಾಡಿ ಎಣಿಸುತ್ತಾರೆ?

ಬೀಜಗಣಿತ ಗೊತ್ತಿದ್ದವರು ಆಧಾರವನ್ನು, ಎಂದರೆ ಗುಂಪಿನ ಗಾತ್ರವನ್ನು, ‘ಬ’ ಎಂದಿಟ್ಟುಕೊಂಡು ಸಮೀಕರಣ ಬರೆದು ಬಿಡಿಸಬಹುದು. ಅದಿಲ್ಲದೆಯೂ ಬಿಡಿಸಬಹುದು ಎನ್ನುವುದೇ ನನಗೆ ಇದರಲ್ಲಿ ಇಷ್ಟವಾದದ್ದು. ಬಿಡಿಸ್ಥಾನವನ್ನು ಮಾತ್ರ ನೋಡಿ. ನಾಲ್ಕು ಮತ್ತು ಎರಡು ಸೇರಿ ಆರು. ಆದರೆ ಉತ್ತರದ ಕೊನೆಯಲ್ಲಿ ಸೊನ್ನೆ ಇದೆ. ಎಂದರೆ ಆರು ಎಲೆಗಳು ಬಿಡಿಯಾಗಿ ಏನೂ ಉಳಿಯದಂತೆ ಗುಂಪಾಗಿವೆ; ಗುಂಪಿನ ಗಾತ್ರ ಆರು, ಮೂರು ಅಥವಾ ಎರಡು ಇರಬೇಕು. ಲೆಕ್ಕದಲ್ಲಿ 4 ಎಂಬ ಅಂಕಿಯೇ ಇರುವುದರಿಂದ ಗುಂಪು ನಾಲ್ಕಕ್ಕಿಂತ ದೊಡ್ಡದು. ಉಳಿಯುವುದು ಆರು ಮಾತ್ರ. ಮುಂದಿನ ಸ್ಥಾನದಲ್ಲಿ ಎರಡು, ಮೂರು, ಬಂದ ಒಂದು ಸೇರಿ ಮತ್ತೆ ಆರು. ಅಲ್ಲಿಯೂ ಸೊನ್ನೆ, ಅದರಾಚೆ ಒಂದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 16 ಮತ್ತು 20 ಸೇರಿ 36.

ಕಾಗದದ ಮೇಲೆ ಇದು ಸಲೀಸು. ಬಾಯಿಗೆ ಬಂದಾಗ ತೊಡಕು ಶುರುವಾಗುತ್ತದೆ. ಅಣ್ಣ ಕೊಯ್ದದ್ದು ‘ಇಪ್ಪತ್ತನಾಲ್ಕು’ ಎಲೆ ಎಂದು ನಾನು ಓದಿದರೆ ಸುಳ್ಳು ಹೇಳಿದಂತಾಯಿತು. ಇಪ್ಪತ್ತು ಎಂದರೆ ಎರಡು ಹತ್ತು ಎಂದು ಪದವೇ ಸಾರುತ್ತದೆ. ಮೂವತ್ತು, ನಲವತ್ತು, ಐವತ್ತು ಎಲ್ಲದರ ಬಾಲದಲ್ಲೂ ಹತ್ತು ನೇತಾಡುತ್ತಿದೆ. ಹತ್ತಕ್ಕೆ ಇನ್ನೂ ತಲುಪದ ಒಂಬತ್ತಿನ ಒಳಗೂ ಅದು ನುಸುಳಿದೆ. ತುಳುವಿನಲ್ಲಿ ಇರ್ವ, ಮುಪ್ಪ, ನಲ್ಪ ಎಂದು ಸವೆದಿರುವುದರಿಂದ ಹತ್ತು ಅಷ್ಟು ಎದ್ದು ಕಾಣುವುದಿಲ್ಲ. ಮಲಯಾಳದಲ್ಲಿ ಇನ್ನೊಂದು ವಿಚಿತ್ರ: ತೊಂಬತ್ತಕ್ಕೆ ಅವರು ತೊಣ್ಣೂರು ಎನ್ನುತ್ತಾರೆ, ಅದರ ಬಾಲದಲ್ಲಿರುವುದು ನೂರು, ಒಂಬೈನೂರಕ್ಕೆ ತೊಳ್ಳಾಯಿರಂ, ಬಾಲದಲ್ಲಿ ಸಾವಿರ. ಅದು ಬೇರೆಯೇ ಚರ್ಚೆಯ ವಸ್ತು, ಇಲ್ಲಿಗೆ ಬಿಡುತ್ತೇನೆ.

ಅಂಕಿಗಳನ್ನು ಒಂದೊಂದಾಗಿ ಓದಿದರಾಯಿತು ಎಂದು ನೀವು ಹೇಳಬಹುದು. ಕಂಪ್ಯೂಟರ್ ಕೆಲಸದವರು ಹಾಗೆಯೇ ಮಾಡುತ್ತಾರೆ. ಕಡತಗಳ ಅನುಮತಿಯನ್ನು ಸೂಚಿಸುವ ಎಂಟರ ಎಣಿಕೆಯ 755ನ್ನು ಅವರು ಏಳು-ಐದು-ಐದು ಎಂದೇ ಓದುತ್ತಾರೆ. ಶಾಸ್ತ್ರಶುದ್ಧವೂ ಹೌದು. ಆದರೆ ಕನ್ನಡದ ಕಿವಿಗೆ ‘ಅಣ್ಣ ಎರಡು ನಾಲ್ಕು ಎಲೆ ಕೊಯ್ದ’ ಎಂದರೆ ಏನೋ ಸ್ವಲ್ಪ ಕೊಯ್ದ ಎಂದರ್ಥ. ಎರಡು ಮೂರು, ನಾಲ್ಕೈದು, ಹತ್ತು ಹದಿನೈದು ಎಂದು ಅಂದಾಜು ಹೇಳುವಾಗ ನಾವು ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ನಿಲ್ಲಿಸುವವರು. ಮಗ್ಗಿ ಬಾಯಿಪಾಠವಾದ ಮಗುವಿಗೋ ‘ಎರಡು ನಾಲ್ಕು’ ಎಂದ ಕೂಡಲೇ ‘ಎಂಟು’ ಎಂದು ನಾಲಿಗೆ ತಾನಾಗಿ ಓಡುತ್ತದೆ. ನೂರನ್ನು ‘ಒಂದು ಸೊನ್ನೆ ಸೊನ್ನೆ’ ಎಂದರೆ ಎಷ್ಟು ಸೊನ್ನೆ, ಒಂದೋ ಎರಡೋ ಎಂಬ ಪ್ರಶ್ನೆ ಬರುತ್ತದೆ.

ಇನ್ನೊಬ್ಬ ಗೆಳೆಯರ ವಾದ ಹೀಗಿದೆ: ಆ ಊರಿನವರ ‘ಹತ್ತು’ ಎಂದರೆ ನಮ್ಮ ಆರು, ಅವರ ‘ನೂರು’ ಎಂದರೆ ನಮ್ಮ ಮೂವತ್ತಾರು, ಪದ ಅವರದ್ದು, ಅಳತೆ ಅವರದ್ದು, ಆದ್ದರಿಂದ ಇಪ್ಪತ್ತನಾಲ್ಕು ಎಂದೇ ಓದಿ. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಉತ್ತರ ಯೂರೋಪಿನ ಕೆಲವು ವ್ಯಾಪಾರಗಳಲ್ಲಿ ಹಿಂದೆ ‘ನೂರು’ ಎಂದರೆ 120 ಇತ್ತು. ನಮ್ಮಲ್ಲಿಯೂ ಸೇರು, ಮುಡಿಗಳ ಹೆಸರು ಒಂದೇ ಇದ್ದು ಅಳತೆ ಊರಿಂದ ಊರಿಗೆ ಬದಲಾಗುತ್ತಿತ್ತು. ಆದರೂ ನನಗೆ ಒಪ್ಪಿಗೆಯಿಲ್ಲ. ಒಗಟು ಬುದ್ಧಿಯನ್ನು ಕೆಣಕಬೇಕು, ಕಿವಿಗೆ ಮೋಸ ಮಾಡಬಾರದು. ‘ನೂರು’ ಎಂದು ನಾನೇ ಬಾಯಾರೆ ಹೇಳಿ, ಆಮೇಲೆ ಅದು ನೂರಲ್ಲ ಮೂವತ್ತಾರು ಎಂದರೆ ಚುರುಕಾದ ಮಗು ‘ಹಾಗಾದರೆ ನೀವು ಹೇಳಿದ್ದೇ ತಪ್ಪು’ ಎನ್ನುತ್ತದೆ, ಹೇಳಲೂಬೇಕು.

ಇಲ್ಲಿಂದ ‘ದಶಕ’ಕ್ಕೆ ಬರುತ್ತೇನೆ. ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ದಶಕಸಹಿತ ಸಂಕಲನ, ದಶಕರಹಿತ ಸಂಕಲನ ಎಂಬ ಪಾಠಗಳಿರುವುದು ನಿಮಗೆಲ್ಲ ಗೊತ್ತು. ‘ಏಳು ಎಂಟು ಹದಿನೈದು, ಐದು ಬರೆ, ದಶಕ ಒಂದು’ ಎಂಬುದು ನಮ್ಮ ಬಾಯಲ್ಲಿ ಕುಳಿತುಹೋದ ಮಾತು. ಹತ್ತರ ಎಣಿಕೆಯಲ್ಲಿ ಇದು ಚೆಂದದ ಪದ. ಎಡಕ್ಕೆ ಹೋಗುವ ಒಂದರ ಬೆಲೆ ಹತ್ತು ಎಂದು ಅದೇ ನೆನಪಿಸುತ್ತದೆ. ಆರರ ಎಣಿಕೆಯಲ್ಲಿ ಆ ಒಂದರ ಬೆಲೆ ಆರು. ಅದನ್ನು ‘ಷಟ್ಕ’ ಎಂದರೆ ವ್ಯಾಕರಣ ಒಪ್ಪುತ್ತದೆ. ಆದರೆ ಎಂಟರ ಎಣಿಕೆಗೆ ಅಷ್ಟಕ, ಹದಿನಾರರ ಎಣಿಕೆಗೆ ಷೋಡಶಕ ಎಂದು ಒಂದೇ ಕ್ರಿಯೆಗೆ ಹತ್ತಾರು ಹೆಸರು ಇಟ್ಟುಕೊಂಡು ಹೋಗಬೇಕಾಗುತ್ತದೆ. ಇಂಗ್ಲಿಷಿನವರು ‘ಕ್ಯಾರಿ’ ಎಂದು ಒಯ್ಯುವ ಕ್ರಿಯೆಗೆ ಹೆಸರಿಟ್ಟರು, ನಾವು ಒಯ್ಯುವ ವಸ್ತುವಿಗೆ ಹೆಸರಿಟ್ಟೆವು; ತೊಡಕಿನ ಬೇರು ಅಲ್ಲಿದೆ. ಹಿರಿಯರು ‘ಕೈಯಲ್ಲಿ ಒಂದು’ ಎನ್ನುವುದುಂಟು. ಯಾವ ಎಣಿಕೆಗೂ ಅದು ಒಗ್ಗುತ್ತದೆ, ನನ್ನ ಮತ ಸದ್ಯಕ್ಕೆ ಅದಕ್ಕೆ. ಆದರೆ ಅದರಿಂದ ನಾಮಪದ ಮಾಡುವುದು ಹೇಗೆ? ‘ಕೈಸಹಿತ ಸಂಕಲನ’ ಎಂದು ಶೀರ್ಷಿಕೆ ಕೊಟ್ಟರೆ ಮಕ್ಕಳು ಬೆರಳು ಮಡಚಲು ಶುರುಮಾಡುತ್ತಾರೆ.

ಎಣಿಕೆಯ ಹೆಸರಿನಲ್ಲೂ ಇಕ್ಕಟ್ಟು ಇದೆ. ದಶಮಾನ, ದ್ವಿಮಾನ ರೂಢಿಯಲ್ಲಿವೆ. ಅದೇ ಅಚ್ಚಿನಲ್ಲಿ ಆರಕ್ಕೆ ಷಣ್ಮಾನ, ಎಂಟಕ್ಕೆ ಅಷ್ಟಮಾನ. ಆದರೆ ಅದೇ ಅಚ್ಚಿನಲ್ಲಿ ನೂರರ ಎಣಿಕೆಗೆ ಶತಮಾನ ಎನ್ನಬೇಕಾಗುತ್ತದೆ! ‘ಆಧಾರ’ ಎಂದರೆ ಇನ್ನೊಂದು ಗೋಳು. ‘ಆಧಾರ ಸಂಖ್ಯೆ ಆರು’ ಎಂದು ಹೇಳಿ ನೋಡಿ. ಇಂದಿನ ಮಗುವಿಗೆ ಆಧಾರ ಸಂಖ್ಯೆ ಎಂದರೆ ಹನ್ನೆರಡು ಅಂಕಿಯ ಗುರುತಿನ ಸಂಖ್ಯೆ. ಜೊತೆಗೆ ಘಾತಾಂಕದ ಪಾಠದಲ್ಲಿಯೂ ಆಧಾರ ಇದೆ. ‘ಪಾದ’ವನ್ನು ತ್ರಿಭುಜ ಹಿಡಿದುಕೊಂಡಿದೆ. ನಾನು ‘ಆರರ ಎಣಿಕೆ’ ಎಂದಷ್ಟೇ ಹೇಳುತ್ತೇನೆ, ಇದಕ್ಕೆ ಪಾರಿಭಾಷಿಕ ಪದದ ಗತ್ತು ಬೇಡ. ಒಂದು ತಮಾಷೆಯನ್ನು ಮಾತ್ರ ಗಮನಿಸಿ: ಯಾವ ಊರಿನವರನ್ನು ‘ನೀವು ಎಷ್ಟರ ಗುಂಪು ಮಾಡುತ್ತೀರಿ, ಬರೆದು ತೋರಿಸಿ’ ಎಂದರೂ ಅವರು 10 ಎಂದೇ ಬರೆಯುತ್ತಾರೆ. ಆರರ ಊರಿನವರೂ 10, ಎಂಟರ ಊರಿನವರೂ 10. ಹಾಗೆಯೇ 11ನ್ನು 11ರಿಂದ ಗುಣಿಸಿದರೆ ಮೂರರಿಂದ ಮೇಲಿನ ಯಾವ ಎಣಿಕೆಯಲ್ಲೂ 121; ಎಂದರೆ 121 ಎಲ್ಲೆಲ್ಲೂ ವರ್ಗಸಂಖ್ಯೆ. ಆರರ ಎಣಿಕೆಯಲ್ಲಿ ಅದು ಏಳರ ವರ್ಗ, ಮೂರರ ಎಣಿಕೆಯಲ್ಲಿ ನಾಲ್ಕರ ವರ್ಗ. ಈ ಸೊಗಸಾದ ಮಾತನ್ನು ‘ನೂರ ಇಪ್ಪತ್ತೊಂದು’ ಎಂದು ಓದಿದ ಕೂಡಲೇ ಅದು ಹತ್ತರ ಊರಿನದ್ದು ಮಾತ್ರ ಆಗಿಬಿಡುತ್ತದೆ.

ಹತ್ತನ್ನು ಬಿಟ್ಟು ಎಣಿಸುವುದು ಕನ್ನಡಕ್ಕೆ ಹೊಸದೇ? ಅಲ್ಲ ಎನ್ನುವುದೇ ನನ್ನ ಮುಖ್ಯ ವಾದ. 1957ರ ಏಪ್ರಿಲ್ 1ಕ್ಕೆ ದಶಮಾನ ನಾಣ್ಯ ಬರುವವರೆಗೆ ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ ಎಂದು ಎಲ್ಲರೂ ಲೆಕ್ಕ ಹಾಕುತ್ತಿದ್ದರು. ಪಂಚಾಂಗದಲ್ಲಿ ಅರವತ್ತು ವಿಗಳಿಗೆಗೆ ಒಂದು ಗಳಿಗೆ, ಅರವತ್ತು ಗಳಿಗೆಗೆ ಒಂದು ದಿನ. ನಮ್ಮ ಕಡೆಯ ಅಕ್ಕಿಯ ಅಳತೆಯಲ್ಲಿ, ಸ್ಥಳಭೇದ ಇದ್ದರೂ, ಹದಿನಾಲ್ಕು ಸೇರಿಗೆ ಕಳಸೆ, ಮೂರು ಕಳಸೆಗೆ ಮುಡಿ. ಉಡುಪಿ ಕಡೆಯ ಶಂಕರಪುರದ ಮಲ್ಲಿಗೆಯಲ್ಲಿ ಈಗಲೂ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ.

ಎಲ್ಲಕ್ಕಿಂತ ಚೆಂದದ್ದು ಹಳೆಯ ಭಿನ್ನರಾಶಿ. ಕಾಲು ಎಂದರೆ ನಾಲ್ಕರಲ್ಲಿ ಒಂದು, ವೀಸ ಎಂದರೆ ಹದಿನಾರರಲ್ಲಿ ಒಂದು, ಕಾಣಿ ಎಂದರೆ ಅರವತ್ತನಾಲ್ಕರಲ್ಲಿ ಒಂದು. ಪ್ರತಿ ಮೆಟ್ಟಿಲಿಗೂ ನಾಲ್ಕರಿಂದ ಭಾಗ. ಅಪ್ಪಟ ನಾಲ್ಕರ ಎಣಿಕೆ. ನೆರೆಯ ತೆಲುಗಿನಲ್ಲಿ ಇದಕ್ಕೆಂದೇ ಬೇರೆ ಅಂಕಿಗಳಿದ್ದವು. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡ್‌ನ 2008ರ 5.1 ಆವೃತ್ತಿಯಲ್ಲಿ ಅಂಥ ಏಳು ಚಿಹ್ನೆಗಳಿಗೆ ಜಾಗ ಸಿಕ್ಕಿದೆ, ನಾಲ್ಕರ ಬೆಸ ಘಾತಗಳಿಗೆ ಒಂದು ಬಗೆ, ಸಮ ಘಾತಗಳಿಗೆ ಇನ್ನೊಂದು ಬಗೆ ಎಂದು ವಿಂಗಡಿಸಿ. ಮಲಯಾಳದ ಹಳೆಯ ಭಿನ್ನಚಿಹ್ನೆಗಳಲ್ಲಿ ಇಪ್ಪತ್ತರಲ್ಲಿ ಒಂದು, ನೂರ ಅರವತ್ತರಲ್ಲಿ ಒಂದು ಎಂಬವು ಇವೆ, ಅವರ ದಾರಿ ಬೇರೆ. ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳಿಗೆ ವೀಸ ಎಂದರೆ ಇಪ್ಪತ್ತು. ಕನ್ನಡದ ವೀಸವನ್ನು ಅವರಿಗೆ ವಿವರಿಸುವುದು ಒಂದು ಪ್ರತ್ಯೇಕ ಒಗಟು.

ಈ ಉದಾಹರಣೆಗಳಲ್ಲಿ ಎಲ್ಲಿಯೂ ನಮ್ಮವರು ಹತ್ತರ ಪದಗಳನ್ನು ಎರವಲು ಪಡೆದು ಮೇಲಿನ ಮೆಟ್ಟಿಲಿಗೆ ಅಂಟಿಸಲಿಲ್ಲ. ಹನ್ನೆರಡು ಪೈಯನ್ನು ‘ಹತ್ತು’ ಎನ್ನಲಿಲ್ಲ, ಆಣೆ ಎಂದರು. ಮೆಟ್ಟಿಲಿಗೊಂದು ಹೆಸರಿಟ್ಟರು. ಆದ್ದರಿಂದ ಒಗಟಿನ ಊರಿಗೂ ಹಾಗೆಯೇ ಮಾಡೋಣ ಎಂದು ನನ್ನ ಸಲಹೆ: ಬಿಡಿ, ಸೂಡಿ (ಸಣ್ಣ ಕಂತೆ), ಕಟ್ಟು. ಅಣ್ಣ ಕೊಯ್ದದ್ದು ಎರಡು ಸೂಡಿ ನಾಲ್ಕು ಬಿಡಿ, ತಮ್ಮನದು ಮೂರು ಸೂಡಿ ಎರಡು ಬಿಡಿ, ಎರಡೂ ಸೇರಿ ಸರಿಯಾಗಿ ಒಂದು ಕಟ್ಟು. ಎಷ್ಟು ಬಿಡಿಗೆ ಸೂಡಿಯೋ ಅಷ್ಟೇ ಸೂಡಿಗೆ ಕಟ್ಟು. ಎಷ್ಟು? ಇದರಲ್ಲಿ ಸುಳ್ಳಿಲ್ಲ, ಗೊಂದಲವಿಲ್ಲ, ಉತ್ತರ ಮೊದಲಿನದೇ.

ಆದರೆ ಮಜಾ ಅರ್ಧಕ್ಕೆ ಇಳಿಯಿತು ಎನ್ನುವುದನ್ನು ಒಪ್ಪಲೇಬೇಕು. 24, 32 ಸೇರಿ 100 ಎಂದಾಗ ಹುಟ್ಟುವ ‘ಇದು ಹೇಗೆ ಸಾಧ್ಯ’ ಎಂಬ ಬೆರಗು ಸೂಡಿ, ಕಟ್ಟುಗಳ ಮಾತಿನಲ್ಲಿ ಹುಟ್ಟುವುದಿಲ್ಲ. ಮೊದಲು ಸೂಡಿಯ ಒಗಟನ್ನು ಬಾಯಲ್ಲಿ ಹೇಳಿ, ಬಿಡಿಸಿದ ಮಗುವಿನ ಕೈಗೆ ಅಂಕಿಯಲ್ಲಿ ಬರೆದ ಚೀಟಿ ಕೊಡುವುದು ಒಂದು ದಾರಿ ಎನಿಸುತ್ತದೆ. ಇನ್ನು ಸೂಡಿ ಕರಾವಳಿಯ ಮಾತು. ಘಟ್ಟದ ಮೇಲಿನವರು ಸಿವುಡು ಎನ್ನಬಹುದು. ಎಲೆ ವ್ಯಾಪಾರದವರಿಗೆ ಸೂಡಿ, ಕಟ್ಟುಗಳ ತಮ್ಮದೇ ಲೆಕ್ಕವಿದೆ, ಅವರ ಮಕ್ಕಳು ತಕರಾರು ತೆಗೆಯುವುದು ಖಂಡಿತ.

ಈಗ ಬಳಗದವರಲ್ಲಿ ನನ್ನ ಕೋರಿಕೆ. ಆಣೆ, ಪೈ ಲೆಕ್ಕ ಬರೆದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ: ಪೈಗಳನ್ನು ಕೂಡಿ ಹನ್ನೆರಡು ತುಂಬಿ ಆಣೆಯ ಸಾಲಿಗೆ ಹೋದ ಒಂದನ್ನು ಅವರು ಬಾಯಲ್ಲಿ ಏನೆಂದು ಹೇಳುತ್ತಿದ್ದರು? ಅಲ್ಲಿ ‘ದಶಕ’ ಎನ್ನಲು ಸಾಧ್ಯವೇ ಇರಲಿಲ್ಲವಾದ್ದರಿಂದ ಬೇರೊಂದು ಮಾತು ಇದ್ದಿರಲೇಬೇಕು. ಪಂಚಾಂಗದ ಗಣಿತ ಮಾಡುವವರ ಪರಿಚಯವಿದ್ದವರು ವಿಗಳಿಗೆ ತುಂಬಿ ಗಳಿಗೆಗೆ ಏರುವುದಕ್ಕೆ ಅವರಾಡುವ ಮಾತನ್ನು ತಿಳಿಸಿ. 12ನೆಯ ಶತಮಾನದ ರಾಜಾದಿತ್ಯ ಗಣಿತವನ್ನು ಕನ್ನಡ ಪದ್ಯಗಳಲ್ಲೇ ಬರೆದವನು. ಅವನನ್ನು ಓದಿದವರು ಈ ಬಳಗದಲ್ಲಿ ಇದ್ದೀರಿ, ಅವನ ಸಂಕಲನದ ಪದ್ಯಗಳಲ್ಲಿ ಇದಕ್ಕೆ ಪದ ಇದ್ದರೆ ಉಲ್ಲೇಖಿಸಿ. ಕೇಳಿದ ಮಾತನ್ನು ತಿದ್ದದೆ, ಯಾವ ಊರಿನಲ್ಲಿ ಯಾವ ಕಸುಬಿನವರ ಬಾಯಲ್ಲಿ ಕೇಳಿದಿರಿ ಎಂಬುದನ್ನೂ ಸೇರಿಸಿ ಬರೆದರೆ ಉಪಕಾರ. ಹೊಸ ಪದ ಟಂಕಿಸುವ ಉತ್ಸಾಹಿಗಳು ಸ್ವಲ್ಪ ತಡೆಯಿರಿ, ಮೊದಲು ಇದ್ದದ್ದು ಸಿಗಲಿ.

ವಂದನೆಗಳು.