ಸಹಾಯ ಬೇಕು: ಕ್ವೀನ್ಸ್‌ನಲ್ಲಿ ಕೋ-ಆಪ್ ಮನೆ ಕೊಳ್ಳುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ, ಜ್ಯಾಕ್ಸನ್ ಹೈಟ್ಸ್‌ನಲ್ಲಿ 6 ವರ್ಷಗಳಿಂದ ಬಾಡಿಗೆಗಿರುವ ನಾವು ಅಲ್ಲಿಯೇ ಮನೆ ಕೊಳ್ಳಲು ನಿರ್ಧರಿಸಿದ್ದೇವೆ. ಒಂದೇ ಮಹಡಿಯಲ್ಲಿ ಸ್ಪ್ಯಾನಿಷ್, ಬಂಗಾಳಿ, ನೇಪಾಳಿ ಕಿವಿಗೆ ಬೀಳುವ ಈ ಜಾಗವನ್ನು ಬಿಡಲು ಮಕ್ಕಳಿಗೆ ಮನಸ್ಸಿಲ್ಲ. ರೂಸ್‌ವೆಲ್ಟ್ ಅವೆನ್ಯೂ ಮೇಲೆ 7ನೇ ನಂಬರಿನ ರೈಲು ಹಾದುಹೋಗುವಷ್ಟು ಹೊತ್ತು ಮಾತು ನಿಲ್ಲಿಸಿ ಕಾಯುವುದು ನಮಗೂ ರೂಢಿಯಾಗಿದೆ.

ಮೆಚ್ಚಿದ ಮನೆ ಕೋ-ಆಪ್ ಕಟ್ಟಡದಲ್ಲಿದೆ. ಅಂದರೆ ಮನೆಯ ಕ್ರಯಪತ್ರ ನಮ್ಮ ಹೆಸರಿಗೆ ಆಗದೆ, ಕಟ್ಟಡದ ಒಡೆತನವಿರುವ ಸಂಸ್ಥೆಯ ಷೇರುಗಳೂ ವಾಸದ ಗುತ್ತಿಗೆಯೂ ಸಿಗುತ್ತವೆ. ಅದಕ್ಕೂ ಮೊದಲು ಆದಾಯ ತೆರಿಗೆಯ ದಾಖಲೆ, ಬ್ಯಾಂಕ್ ವಿವರ, ಪರಿಚಯಸ್ಥರ ಪತ್ರಗಳನ್ನೆಲ್ಲ ಸಲ್ಲಿಸಿ, ಸಂದರ್ಶನ ಮುಗಿಸಿ, ಆಡಳಿತ ಮಂಡಳಿಯ ಒಪ್ಪಿಗೆ ಪಡೆಯಬೇಕು. (ನಮ್ಮ ಮದುವೆಗೂ ಇಷ್ಟು ವಿಚಾರಣೆ ನಡೆದಿರಲಿಲ್ಲ.)

ನಮ್ಮ ತೊಡಕು ಇದು: ಮುಂಗಡದ ಒಂದು ಭಾಗವನ್ನು ಮೈಸೂರಿನಿಂದ ಅಪ್ಪ ಕಳುಹಿಸಿದ್ದಾರೆ, ಬ್ಯಾಂಕ್ ವಿವರದ ಆ ಒಂದು ಸಾಲಿಗೆ ದಲ್ಲಾಳಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಟ್ಟಿದ್ದಾರೆ. ಅದು ಸಾಲವಲ್ಲ, ಉಡುಗೊರೆ ಎಂಬ ಪತ್ರ ಬ್ಯಾಂಕಿಗೆ ಸಾಕಾಗಿದೆ. ಆದರೆ ಮಂಡಳಿಯವರು ಅಪ್ಪನ ಖಾತೆಯ ವಿವರವನ್ನೂ ಕೇಳುತ್ತಾರೆಯೇ? ಅಪ್ಪ-ಅಮ್ಮ ಬಂದು ಆರು ತಿಂಗಳು ಇರುವುದಕ್ಕೆ ಕಟ್ಟಡದ ನಿಯಮಗಳು ಅಡ್ಡಿಯಾಗುತ್ತವೆಯೇ? ಕೋ-ಆಪ್ ವ್ಯವಹಾರ ಬಲ್ಲ, ಕನ್ನಡ ಬರುವ ವಕೀಲರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.