ಪತ್ತೆನಾಯಿ ವಾಸನೆ ಹಿಡಿದೊಡನೆ ಕುಳಿತುಕೊಳ್ಳುವುದೇಕೆ?

ಪ್ರಶ್ನೆ (ತುಮಕೂರು): ಇಲ್ಲಿ ನಡೆದ ಪ್ರದರ್ಶನವೊಂದರಲ್ಲಿ ಪೊಲೀಸ್ ನಾಯಿ ಸಾಲಾಗಿಟ್ಟ ಚೀಲಗಳನ್ನು ಮೂಸುತ್ತಾ ಹೋಗಿ, ಒಂದರ ಮುಂದೆ ಬೊಗಳದೆ ಕುಳಿತುಬಿಟ್ಟಿತು. ಇದನ್ನು ಹೇಗೆ ಕಲಿಸುತ್ತಾರೆ?

ಉತ್ತರ (ಕೋಲಾರ): ನಾಯಿಗೆ ಬೇಕಿರುವುದು ಸ್ಫೋಟಕವಲ್ಲ ಸರ್, ಚೆಂಡು. ಸ್ಫೋಟಕದ ವಾಸನೆಯಿರುವ ಡಬ್ಬಿಯನ್ನು ಮೂಸಿದ ಕೂಡಲೇ ಚೆಂಡು ಕೊಟ್ಟು ಆಡಿಸಿ, ಆ ನಂಟು ಗಟ್ಟಿಯಾದ ಮೇಲೆ, ಮೂಸಿ ಕುಳಿತರೆ ಮಾತ್ರ ಅದು ಸಿಗುವಂತೆ ಮಾಡುತ್ತಾರೆ. ಕೆರೆದರೆ ಬಾಂಬ್ ಸಿಡಿಯಬಹುದಲ್ಲವೇ?

ಉತ್ತರ (ಚಿಂತಾಮಣಿ): ಖಾಲಿ ಡಬ್ಬಿ, ಕೈಗವಸು, ತಿಂಡಿಯ ಪೊಟ್ಟಣಗಳನ್ನೂ ಸಾಲಿನಲ್ಲಿ ಇಡದಿದ್ದರೆ ನಾಯಿ ಬಚ್ಚಿಟ್ಟವರ ಕೈವಾಸನೆಯನ್ನೇ ಕಲಿತುಬಿಡುವ ಸಂಭವವಿದೆ. ಪರೀಕ್ಷೆಯ ವೇಳೆ ವಸ್ತು ಎಲ್ಲಿದೆಯೆಂಬುದು ನಾಯಿಯನ್ನು ನಡೆಸುವವರಿಗೂ ತಿಳಿದಿರಬಾರದು; ಅವರ ಹೆಜ್ಜೆ ತುಸು ತಡೆದರೂ ನಾಯಿ ಅದನ್ನೇ ಸೂಚನೆಯೆಂದು ತಿಳಿಯಬಹುದು.

ತುಮಕೂರು: ಏನೂ ಸಿಗದ ದಿನ ಚೆಂಡೂ ಇಲ್ಲವೇ?

ಕೋಲಾರ: ಉತ್ಸಾಹ ಕುಂದದಂತೆ ತಾವೇ ಮಾದರಿಯೊಂದನ್ನು ಬಚ್ಚಿಟ್ಟು ಹುಡುಕಿಸುತ್ತಾರೆ.